ತಿರುಗುವ ಡ್ರಮ್ಮಿನಲ್ಲಿ ಗೊಬ್ಬರದ ಬದಲು ಉಂಡೆ ಕಟ್ಟುತ್ತಿದೆ, ಏನು ಮಾಡಲಿ?

ತಾರಸಿತೋಟ (ಬನಶಂಕರಿ, ಬೆಂಗಳೂರು), ಜೂನ್ 14

ಏಪ್ರಿಲ್ ಕೊನೆಯಲ್ಲಿ ಒಂದು ತಿರುಗುವ ಕಾಂಪೋಸ್ಟ್ ಡ್ರಮ್ ತರಿಸಿಕೊಂಡೆ. 160 ಲೀಟರ್ ಹಿಡಿಯುತ್ತದೆ. ನಡುವೆ ಅಡ್ಡಗೋಡೆ, ಎರಡು ಕೋಣೆ, ಎರಡು ಜಾರುಬಾಗಿಲು. ಜೊತೆಗೆ ಬಂದ ಚೀಟಿಯಲ್ಲಿ, ಹಸಿ ಕಸ ಹಾಕಿ ದಿನವೂ ತಿರುಗಿಸಿದರೆ ನಾಲ್ಕು ವಾರದಲ್ಲಿ ಗೊಬ್ಬರ ಎಂದು ಬರೆದಿತ್ತು. ಏಳು ವಾರವಾಯಿತು. ಸಿಕ್ಕಿರುವುದು ಉಂಡೆ. ನಿಂಬೆಹಣ್ಣಿನ ಗಾತ್ರದಿಂದ ತೆಂಗಿನಕಾಯಿಯ ಗಾತ್ರದವರೆಗೆ, ಕಪ್ಪಗೆ, ನುಣ್ಣಗೆ, ಯಾರೋ ಕುಳಿತು ಕಟ್ಟಿಟ್ಟ ಹಾಗೆ. ಡ್ರಮ್ ತಿರುಗಿಸಿದಾಗ ಅವು ದಡದಡ ಬೀಳುವ ಸದ್ದು ಕೆಳಗಿನ ಮನೆಗೂ ಕೇಳಿಸುತ್ತದೆಯಂತೆ. ನಮ್ಮ ಅತ್ತೆ ಒಮ್ಮೆ ಬಾಗಿಲು ಸರಿಸಿ ನೋಡಿ, “ಮುದ್ದೆ ಚೆನ್ನಾಗಿ ಕೂಡಿದೆ, ಸಾರು ಎಲ್ಲಿ?” ಎಂದರು.

ಸಾರೂ ಇದೆ. ಗಾಳಿ ಆಡಲು ಬಿಟ್ಟ ತೂತಿನಿಂದ ಕಪ್ಪು ನೀರು ತೊಟ್ಟಿಕ್ಕಿ, ಹೋದ ವಾರ ಕೆಳಗಿನವರು ಒಣಹಾಕಿದ್ದ ಬಿಳಿ ಪಂಚೆಯ ಮೇಲೆ ಬಿದ್ದಿತು. ವಾಸನೆಯ ವಿಷಯ ಬರೆಯುವುದೇ ಬೇಡ. ಮಾರಿದವರಿಗೆ ಫೋನ್ ಮಾಡಿದರೆ ಇನ್ನೂ ಹೆಚ್ಚು ತಿರುಗಿಸಿ ಎನ್ನುತ್ತಾರೆ. ಬೆಳಿಗ್ಗೆ ಇಪ್ಪತ್ತು ಸುತ್ತು, ಸಂಜೆ ಇಪ್ಪತ್ತು ಸುತ್ತು ಆಗಲೇ ಸುತ್ತಿಸುತ್ತಿದ್ದೇನೆ. ನನ್ನ ಭುಜ ಗಟ್ಟಿಯಾಗಿದ್ದೇ ಬಂತು. ಇದನ್ನು ಬಳಸಿ ಗೆದ್ದವರು ಯಾರಾದರೂ ಇದ್ದೀರಾ, ಇಲ್ಲ ಗುಜರಿಗೆ ಹಾಕಲೇ?

ನೀಲಿಡ್ರಮ್ (ಹಾಸನ), ಜೂನ್ 14

ಗುಜರಿಗೆ ಹಾಕುವ ಮೊದಲು ನಾಲ್ಕು ಪ್ರಶ್ನೆ. ದಿನಕ್ಕೆ ಎಷ್ಟು ಕಸ? ಅದರ ಜೊತೆ ಒಣಗಿದ್ದು ಏನು ಹಾಕುತ್ತೀರಿ, ಎಷ್ಟು? ಒಂದು ಕೋಣೆ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತೀರಾ, ಇಲ್ಲ ಎರಡಕ್ಕೂ ಒಟ್ಟಿಗೆ ಸುರಿಯುತ್ತೀರಾ? ಈಗ ಎಲ್ಲಿಯವರೆಗೆ ತುಂಬಿದೆ?

ತಾರಸಿತೋಟ, ಜೂನ್ 14

ಮನೆಯಲ್ಲಿ ಐದು ಜನ, ದಿನಕ್ಕೆ ಸುಮಾರು ಒಂದೂವರೆ ಕಿಲೋ ಕಸ. ಬೇಸಿಗೆಯಲ್ಲಿ ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ, ಮಾವಿನ ಸಿಪ್ಪೆ, ಗೊರಟೆ. ಉಳಿದ ಅನ್ನವೂ ಹೋಗಿದೆ, ಒಪ್ಪಿಕೊಳ್ಳುತ್ತೇನೆ. ಒಣಗಿದ್ದು ಎಂದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಿನಕ್ಕೆ ಒಂದು ಹಿಡಿ. ಯಾವ ಕೋಣೆಯಲ್ಲಿ ಜಾಗ ಕಂಡರೆ ಅದಕ್ಕೆ ಹಾಕಿದ್ದೇನೆ. ಎರಡೂ ಈಗ ಬಾಗಿಲಿನ ಮಟ್ಟಕ್ಕೆ ಬಂದಿವೆ.

ಕಾವುಮಾಪಕ (ಮೈಸೂರು), ಜೂನ್ 15

ಕೆಲಸದಲ್ಲಿದ್ದಷ್ಟು ದಿನ ರಸಾಯನಶಾಸ್ತ್ರ ಪಾಠ ಹೇಳಿದವನು ನಾನು, ಆದ್ದರಿಂದ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ.

ಮೊದಲು ನೀರಿನ ಲೆಕ್ಕ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರು, ಸೌತೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ ಒಂದೂವರೆ ಕಿಲೋ ಕಸದಲ್ಲಿ ಒಂದೂಕಾಲು ಲೀಟರಾದರೂ ನೀರು ಇದ್ದೇ ಇರುತ್ತದೆ. ಏಳು ವಾರಕ್ಕೆ ಗುಣಿಸಿ: 60 ಲೀಟರ್. ಅಂದರೆ ನೀವು 160 ಲೀಟರಿನ ಮುಚ್ಚಿದ ಡಬ್ಬಿಗೆ ಎರಡು ತಿಂಗಳಲ್ಲಿ ಐದಾರು ಬಿಂದಿಗೆ ನೀರು ಸುರಿದಿದ್ದೀರಿ. ನೆಲದ ಮೇಲಿನ ಗುಡ್ಡೆಯಾದರೆ ಆ ನೀರು ಮಣ್ಣಿಗೆ ಇಳಿಯುತ್ತಿತ್ತು. ಡ್ರಮ್ಮಿನಲ್ಲಿ ಅದು ಹೋಗುವುದು ಎಲ್ಲಿಗೆ? ಪಂಚೆಗೆ.

ಇನ್ನು ಉಂಡೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದ್ದೀರಲ್ಲ. ಬಾಣಲೆಯಲ್ಲಿ ಎಳ್ಳು ಹಾಕಿ, ತುಸುತುಸುವೇ ಪಾಕ ಬಿಟ್ಟು, ಕೈ ನಿಲ್ಲಿಸದೆ ಆಡಿಸುತ್ತಾರೆ. ಕಾಳಿನ ಸುತ್ತ ಪಾಕ ಪದರ ಪದರವಾಗಿ ಕಟ್ಟುತ್ತದೆ. ನಿಮ್ಮ ಡ್ರಮ್ ಮಾಡುತ್ತಿರುವುದು ಅದನ್ನೇ. ಅನ್ನದ ಅಂಟು, ಹಣ್ಣಿನ ಲೋಳೆ, ಕೋಕೋಪೀಟಿನ ಪುಡಿ, ಮೇಲೆ ದಿನಕ್ಕೆ ನಲವತ್ತು ಸುತ್ತು. ಹೆಚ್ಚು ತಿರುಗಿಸಿದಷ್ಟೂ ಉಂಡೆ ನುಣುಪಾಗುತ್ತದೆ, ಬಿಗಿಯಾಗುತ್ತದೆ, ಒಳಗೆ ಗಾಳಿ ಸೇರುವುದಿಲ್ಲ. ತಿರುಗಿಸುವುದು ಗಾಳಿ ಆಡಲೆಂದು. ನಿಮ್ಮಲ್ಲಿ ತಿರುಗಿಸುವುದರಿಂದಲೇ ಗಾಳಿ ಕಟ್ಟಿದೆ.

ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಸಾಲದು, ಒಣ ಎಲೆಯಲ್ಲಿ ಬೇಕಾದಷ್ಟಿದೆ, ಗರಗಸದ ಹೊಟ್ಟಿನಲ್ಲಿ ಅತಿಯಾಗಿದೆ. ಕೋಕೋಪೀಟ್ ನೀರು ಹೀರುತ್ತದೆ ನಿಜ, ಆದರೆ ಪುಡಿಯಾದ್ದರಿಂದ ಕಸದ ನಡುವೆ ಸಂದು ಬಿಡುವುದಿಲ್ಲ. ಸಂದು ಬಿಡುವುದು ಒಣ ಎಲೆ, ಹರಿದ ರಟ್ಟು, ಸಣ್ಣ ಕಡ್ಡಿ.

ನಾಲ್ಕು ವಾರದ ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿದ್ದ ರಾಬರ್ಟ್ ರಾಬೆ ಎಂಬ ಸಸ್ಯರೋಗ ವಿಜ್ಞಾನಿ ಎರಡು-ಮೂರು ವಾರದಲ್ಲೇ ಗೊಬ್ಬರ ಮಾಡುವ ವಿಧಾನವನ್ನು ಹೇಳಿಕೊಟ್ಟರು. ಆದರೆ ಅದಕ್ಕೆ ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ ಮೂರು ಅಡಿಯ ಗುಡ್ಡೆ ಬೇಕು, ಎಲ್ಲವನ್ನೂ ಸಣ್ಣಗೆ ಕತ್ತರಿಸಿರಬೇಕು, ಒಮ್ಮೆ ಒಟ್ಟಿದ ಮೇಲೆ ಹೊಸದಾಗಿ ಏನನ್ನೂ ಸೇರಿಸಬಾರದು. ಅಷ್ಟು ದೊಡ್ಡ ರಾಶಿ ತನ್ನ ಕಾವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಒಂದು ಕೋಣೆ 80 ಲೀಟರ್, ಆ ಗುಡ್ಡೆಯ ಹತ್ತನೆಯ ಒಂದು ಪಾಲು. ಅದರಲ್ಲಿ ಹುಟ್ಟಿದ ಅಷ್ಟಿಷ್ಟು ಕಾವನ್ನು ನೀವು ದಿನಕ್ಕೆರಡು ಬಾರಿ ಕಲಕಿ ಹೊರಗೆ ಕಳಿಸುತ್ತಿದ್ದೀರಿ.

ಈಗ ಮಾಡಬೇಕಾದದ್ದು: ಎರಡೂ ಕೋಣೆಯನ್ನು ಟಾರ್ಪಾಲಿನ ಮೇಲೆ ಸುರಿಯಿರಿ. ಉಂಡೆಗಳನ್ನು ಕೈಯಿಂದಲೇ ಒಡೆಯಿರಿ, ಬೇರೆ ದಾರಿ ಇಲ್ಲ. ಅಳತೆಯಲ್ಲಿ ಕಸದಷ್ಟೇ ಒಣ ಎಲೆ ಕಲಸಿ, ಸಾಲದಿದ್ದರೆ ಒಂದೂವರೆ ಪಾಲು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ, ಧಾರೆ ಹರಿದರೆ ಇನ್ನೂ ಎಲೆ ಬೇಕು. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಉರುಳಲು ಜಾಗವಿಲ್ಲದಿದ್ದರೆ ತಿರುಗಿಸಿಯೂ ಏನು ಫಲ? ವಾರಕ್ಕೆ ಎರಡು ಸಲ, ಐದಾರು ಸುತ್ತು ಸಾಕು.

ಕೊಟ್ಟಿಗೆಮನೆ (ಶಿರಸಿ), ಜೂನ್ 15

ಇದನ್ನೆಲ್ಲ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡ ಎಂಬ ಗಾದೆ ಕೇಳಿದ್ದೆ. ನೀವು ಉಪ್ಪರಿಗೆಯ ಮೇಲೆ ನಿಂತು ತಿಪ್ಪೆಯ ಕನಸು ಕಾಣುತ್ತಿದ್ದೀರಿ.

ನಮ್ಮ ಮನೆಯ ಗೊಬ್ಬರಗುಂಡಿಯನ್ನು ಯಾರೂ ತಿರುಗಿಸಿದ್ದಿಲ್ಲ. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತರುತ್ತೇವೆ (ತರಗೆಲೆಗೆ ನಮ್ಮ ಕಡೆಯ ಹೆಸರು). ಮಳೆಗಾಲದಲ್ಲಿ ಹಸಿ ಸೊಪ್ಪು. ಕೊಟ್ಟಿಗೆಯಲ್ಲಿ ಹಾಸುತ್ತೇವೆ, ದನ ತುಳಿಯುತ್ತದೆ, ಸಗಣಿ ಗಂಜಳ ಸೇರುತ್ತದೆ, ಎತ್ತಿ ಗುಂಡಿಗೆ ಹಾಕುತ್ತೇವೆ. ವರ್ಷಕ್ಕೊಮ್ಮೆ ತೆಗೆದು ಅಡಿಕೆ ಮರದ ಬುಡಕ್ಕೆ. ಅಷ್ಟೇ. ಎಲೆಗಿಂತ ಸಗಣಿ ಹೆಚ್ಚಾದರೆ ಗೊಬ್ಬರ ಕೆಸರಾಗುತ್ತದೆ ಎಂದು ನನ್ನ ಅಜ್ಜಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟಿರಲಿಲ್ಲ. ಈ ಪ್ಲಾಸ್ಟಿಕ್ ಡಬ್ಬಿಗೆ ಕೊಟ್ಟ ಹಣದಲ್ಲಿ ಒಂದು ಗಾಡಿ ಕೊಟ್ಟಿಗೆ ಗೊಬ್ಬರ ಬರುತ್ತಿತ್ತು.

ತಾರಸಿತೋಟ, ಜೂನ್ 15

ಗಾಡಿ ಗೊಬ್ಬರ ತರಿಸಬಹುದು, ನನ್ನ ದಿನದ ಒಂದೂವರೆ ಕಿಲೋ ಕಸವನ್ನು ಆ ಗಾಡಿ ವಾಪಸ್ ಒಯ್ಯುತ್ತದೆಯೇ? ನಮ್ಮದು 30-40ರ ನಿವೇಶನ, ಮಣ್ಣು ಎಂದರೆ ಗೇಟಿನ ಪಕ್ಕದ ಎರಡಡಿ. ಅಲ್ಲಿ ಗುಂಡಿ ತೋಡಿದರೆ ಹೆಗ್ಗಣ.

ಹಳೇಪೇಟೆ (ಬಸವನಗುಡಿ, ಬೆಂಗಳೂರು), ಜೂನ್ 15

ಶಿರಸಿಯವರು ನಕ್ಕದ್ದು ಸರಿ, ಆದರೆ ತಿರುಗಿಸಬೇಕೋ ಬೇಡವೋ ಎನ್ನುವುದು ಹಳೆಯ ಜಗಳ, ಅದರಲ್ಲಿ ನಮ್ಮ ಊರಿನ ಹೆಸರೇ ಇದೆ. ಆಲ್ಬರ್ಟ್ ಹೊವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕುಳಿತು ರೂಪಿಸಿದ್ದು ಇಂದೋರ್ ವಿಧಾನ: ಪದರ ಪದರವಾಗಿ ಒಟ್ಟಿ, ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ. 1939ರಲ್ಲಿ ಸಿ. ಎನ್. ಆಚಾರ್ಯ ಬೆಂಗಳೂರಿನಲ್ಲಿ ರೂಪಿಸಿದ್ದು ಬೆಂಗಳೂರು ವಿಧಾನ: ಊರ ಕಸ ಮತ್ತು ಮಲವನ್ನು ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರರಿಂದ ಎಂಟು ತಿಂಗಳು ಮುಟ್ಟದೆ ಬಿಡುವುದು. ಕೃಷಿ ಕಾಲೇಜಿನ ಪುಸ್ತಕಗಳಲ್ಲಿ ಈ ಎರಡನ್ನೂ ಅಕ್ಕಪಕ್ಕ ಪಾಠ ಮಾಡುತ್ತಾರೆ. ಬೆಂಗಳೂರಿನ ಹೆಸರು ಹೊತ್ತ ವಿಧಾನದಲ್ಲಿ ಒಂದು ಸುತ್ತೂ ಇಲ್ಲ, ಬನಶಂಕರಿಯ ತಾರಸಿಯಲ್ಲಿ ದಿನಕ್ಕೆ ನಲವತ್ತು ಸುತ್ತು.

ಆದರೂ ಡ್ರಮ್ಮಿನ ಪರವಾಗಿ ಒಂದು ಮಾತು. ಈ ಊರಿನ ಕಸವನ್ನು ಮಂಡೂರಿಗೆ ಸುರಿದು ಸುರಿದು, ಅಲ್ಲಿನ ಜನ 2014ರಲ್ಲಿ ಬೀದಿಗಿಳಿದು ಸಾಕು ಎಂದದ್ದು ನೆನಪಿದೆ. ಅದಾದ ಮೇಲೆ ನಾನು ಮಣ್ಣಿನ ಮಡಕೆಯ ಕಂಬ ಇಟ್ಟುಕೊಂಡೆ, ಮೂರು ಅಂತಸ್ತಿನದು. ತಿರುಗಿಸುವ ಗೋಜಿಲ್ಲ, ಮಡಕೆಯ ಗೋಡೆಯೇ ಅಷ್ಟಿಷ್ಟು ತೇವ ಹೀರಿಕೊಳ್ಳುತ್ತದೆ. ಆದರೆ ಬೆನ್ನು ನೋವು ಬಂದ ಮೇಲೆ ಮಡಕೆ ಎತ್ತಿ ಕೆಳಗಿಡುವುದೇ ಕಷ್ಟವಾಯಿತು. ಸೊಂಟದ ಎತ್ತರದಲ್ಲಿ ನಿಂತು ತಿರುಗುವ ಡ್ರಮ್ ನನ್ನಂಥವರಿಗೆ ಉಪಕಾರವೇ.

ತಾರಸಿತೋಟ, ಜೂನ್ 17

ಇಂದು ಸುರಿದೆ. ಮೂಗಿಗೆ ವಸ್ತ್ರ ಕಟ್ಟಿಕೊಂಡು, ಟಾರ್ಪಾಲಿನ ಮೇಲೆ ಒಂದು ತೆಂಗಿನಕಾಯಿ ಗಾತ್ರದ ಉಂಡೆಯನ್ನು ಸೌಟಿನಿಂದ ಎರಡು ಹೋಳು ಮಾಡಿದೆ. ಹೊರಗಿನ ಅರ್ಧ ಬೆರಳು ದಪ್ಪ ಕಂದು ಬಣ್ಣ, ಪುಡಿಪುಡಿ, ಮಣ್ಣಿನ ವಾಸನೆ. ಅದನ್ನು ದಾಟಿದರೆ ಇದ್ದಕ್ಕಿದ್ದಂತೆ ನೀಲಿಮಿಶ್ರಿತ ಕಪ್ಪು, ಜೇಡಿಯಂತೆ ಮೆತ್ತಗೆ, ಕೊಳೆತ ಮೊಟ್ಟೆಯ ನಾತ. ನಡುಮಧ್ಯದಲ್ಲಿ ಒಂದು ಬೀನ್ಸ್, ಹಸಿರಾಗಿಯೇ ಇದೆ! ಮೇ ತಿಂಗಳಲ್ಲಿ ಹಾಕಿದ್ದು, ಯಾರೋ ಉಪ್ಪಿನಕಾಯಿ ಹಾಕಿಟ್ಟಂತೆ ಕುಳಿತಿತ್ತು. ಗಾಳಿ ಎಲ್ಲಿಯ ತನಕ ಹೋಗಿದೆ ಎಂದು ಗೆರೆ ಎಳೆದು ತೋರಿಸಿದ ಹಾಗಿತ್ತು ಆ ಹೋಳು.

ಮೂರು ಗಂಟೆ ಕುಳಿತು ಎಲ್ಲ ಉಂಡೆ ಒಡೆದೆ. ತೊಂದರೆ ಏನೆಂದರೆ ಒಣ ಎಲೆ. ಮಳೆ ಹಿಡಿದಿದೆ, ಬೀದಿಯಲ್ಲಿ ಇರುವುದೆಲ್ಲ ನೆಂದ ಎಲೆ. ಈಗ ಎಲ್ಲಿಂದ ತರಲಿ?

ನೀಲಿಡ್ರಮ್, ಜೂನ್ 17

ಮೊಟ್ಟೆಯ ರಟ್ಟಿನ ತಟ್ಟೆ, ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆ (ಅಂಟುಪಟ್ಟಿ ಕಿತ್ತು), ಊಟ ಮಾಡಿ ಒಣಗಿಸಿದ ಅಡಿಕೆ ಹಾಳೆಯ ತಟ್ಟೆ, ಮಾವಿನ ತೋರಣ. ಬಡಗಿ ಅಂಗಡಿಯ ಹೊಟ್ಟು ಸಿಗುತ್ತದೆ, ಆದರೆ ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ. ಕಬ್ಬಿನ ಹಾಲಿನ ಅಂಗಡಿಯವರು ಸಿಪ್ಪೆಯನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ; ಒಣಗಿಸಿಯೇ ಹಾಕಿ, ಹಸಿಯಾಗಿ ಹಾಕಿದರೆ ಊರ ಇರುವೆಯೆಲ್ಲ ನಿಮ್ಮ ತಾರಸಿಗೆ ಬರುತ್ತದೆ. ಮುಂದಿನ ವರ್ಷಕ್ಕೆ ಈಗಲೇ ನೆನಪಿಟ್ಟುಕೊಳ್ಳಿ: ಫೆಬ್ರವರಿ-ಮಾರ್ಚಿನಲ್ಲಿ ಹೊಂಗೆ ಮತ್ತು ಮಳೆಮರ ಎಲೆ ಉದುರಿಸುತ್ತವೆ. ಆಗ ಚೀಲ ತುಂಬಿಟ್ಟವರಿಗೆ ಮಾತ್ರ ಜೂನ್ ತಿಂಗಳು ಸುಖ.

ಬದನೆಪ್ರಿಯ (ದಾವಣಗೆರೆ), ಜೂನ್ 19

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಡ್ರಮ್ಮಿನಲ್ಲಿ ಉಂಡೆ ಇಲ್ಲ, ಹುಳು ಇದೆ. ಬೂದು ಬಣ್ಣ, ಚಪ್ಪಟೆ, ಕಾಲಿಂಚಿನಿಂದ ಮುಕ್ಕಾಲಿಂಚು, ನೂರಲ್ಲ, ಸಾವಿರ. ಕಿವಿ ಕೊಟ್ಟರೆ ಡ್ರಮ್ಮಿನ ಒಳಗೆ ಮಳೆ ಸುರಿದಂತೆ ಸರಸರ ಸದ್ದು. ನಿನ್ನೆ ರಾತ್ರಿ ಅವು ತೂತಿನಿಂದ ಹೊರಬಿದ್ದು ಸಾಲುಗಟ್ಟಿ ನಡೆದು ಅಡುಗೆಮನೆಯ ಹೊಸ್ತಿಲಿಗೆ ಬಂದಿವೆ. ಮನೆಯವರು ಡ್ರಮ್ ಇರಬೇಕು ಇಲ್ಲ ತಾವಿರಬೇಕು ಎನ್ನುತ್ತಿದ್ದಾರೆ. ಸೀಮೆಎಣ್ಣೆ ಸುರಿಯಲೇ?

ಕಾವುಮಾಪಕ, ಜೂನ್ 19

ಸೀಮೆಎಣ್ಣೆ ಬೇಡವೇ ಬೇಡ, ಆ ಗೊಬ್ಬರವನ್ನು ಆಮೇಲೆ ಯಾವ ಗಿಡಕ್ಕೂ ಹಾಕಲಾಗುವುದಿಲ್ಲ. ಅವು ಕಪ್ಪು ಸೈನಿಕ ನೊಣದ ಮರಿಗಳು. ಮನೆನೊಣದ ಜಾತಿಯಲ್ಲ, ದೊಡ್ಡದಾದ ಮೇಲೆ ಕಚ್ಚುವುದಿಲ್ಲ, ನಮ್ಮ ಊಟದ ತಟ್ಟೆಯ ಕಡೆಗೂ ಬರುವುದಿಲ್ಲ. ಕಸವನ್ನು ನಿಮ್ಮ ಡ್ರಮ್ಮಿಗಿಂತ ಬೇಗ ಕರಗಿಸುವುದು ಅವೇ. ಕೋಶ ಕಟ್ಟುವ ಕಾಲ ಬಂದಾಗ ಒಣ ಜಾಗ ಹುಡುಕಿಕೊಂಡು ಹೊರಟುಬಿಡುತ್ತವೆ, ನಿನ್ನೆ ಹೊಸ್ತಿಲಿಗೆ ಬಂದದ್ದು ಆ ಮೆರವಣಿಗೆ. ಇಷ್ಟೊಂದು ಬಂದಿವೆ ಎಂದರೆ ನಿಮ್ಮ ಡ್ರಮ್ಮೂ ಒದ್ದೆಯಾಗಿದೆ ಎಂದರ್ಥ. ಒಣ ಎಲೆ ಹೆಚ್ಚಿಸಿ, ತೂತಿನ ಕೆಳಗೆ ಒಣ ಹೊಟ್ಟು ತುಂಬಿದ ತಟ್ಟೆ ಇಡಿ, ಅದರಲ್ಲೇ ಬೀಳುತ್ತವೆ.

ನೀಲಿಡ್ರಮ್, ಜೂನ್ 19

ಪಕ್ಕದಲ್ಲಿ ಯಾರಾದರೂ ಕೋಳಿ ಸಾಕಿದ್ದರೆ ಆ ತಟ್ಟೆಯನ್ನು ಅಲ್ಲಿಗೆ ಕೊಡಿ. ನಮ್ಮ ಬೀದಿಯ ಕೋಳಿಗಳು ನನ್ನನ್ನು ಕಂಡರೆ ಓಡಿ ಬರುತ್ತವೆ.

ಬದನೆಪ್ರಿಯ, ಜೂನ್ 20

ಇನ್ನೊಂದು ಪ್ರಶ್ನೆ. ಗೊಬ್ಬರ ಬೇಗ ಆಗಲು ಸೂಕ್ಷ್ಮಜೀವಿಯ ಪುಡಿ ಎಂದು ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದು ಬೇಕೇ? ಒಬ್ಬರು ಹುಳಿಮಜ್ಜಿಗೆಗೆ ಬೆಲ್ಲ ಕಲಸಿ ಹಾಕಿ ಎಂದರು.

ಕಾವುಮಾಪಕ, ಜೂನ್ 20

ಬೇಕಾದ ಜೀವಿಗಳು ಕಸದ ಮೇಲೂ ಎಲೆಯ ಮೇಲೂ ಆಗಲೇ ಕುಳಿತಿವೆ. ಹಳೆಯ ಗೊಬ್ಬರವೋ ತೋಟದ ಮಣ್ಣೋ ಎರಡು ಹಿಡಿ ಹಾಕಿದರೆ ಧಾರಾಳವಾಯಿತು. ಮಜ್ಜಿಗೆ ಹಾಕಿದರೆ ಕೆಡುವುದೇನೂ ಇಲ್ಲ, ಆದರೆ ಒದ್ದೆ ಡ್ರಮ್ಮಿಗೆ ಇನ್ನಷ್ಟು ಒದ್ದೆ. ಕುಡಿಯಿರಿ, ಬೇಸಿಗೆಗೆ ತಂಪು.

ಕೊಟ್ಟಿಗೆಮನೆ, ಜೂನ್ 20

ಇದೊಂದು ಮಾತಿಗೆ ನನ್ನ ಒಪ್ಪಿಗೆ ಇದೆ.

ನೀಲಿಡ್ರಮ್, ಜೂನ್ 23

ಇಬ್ಬರು ಖಾಸಗಿಯಾಗಿ ಕೇಳಿದ್ದರಿಂದ ನನ್ನ ಡ್ರಮ್ಮಿನ ಕಥೆಯನ್ನು ಇಲ್ಲೇ ಬರೆಯುತ್ತೇನೆ. ನನ್ನದು ಅಂಗಡಿಯದಲ್ಲ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಹಳೆಯದು. ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ, ವಾಸನೆ ನೋಡಿ. ರಾಸಾಯನಿಕ ತುಂಬಿದ್ದಾದರೆ ಎಷ್ಟು ಅಗ್ಗವಾದರೂ ಬಿಡಿ. ಮೊದಲ ಸಲ ನಡುವೆ ಆರಪಾರ ಒಂದು ತೆಳು ಕಬ್ಬಿಣದ ಪೈಪು ತೂರಿಸಿ, ಎರಡು ಕಡೆ ಮರದ ಕಾಲು ನಿಲ್ಲಿಸಿದೆ. ಖಾಲಿಯಿದ್ದಾಗ ಗಿರಗಟ್ಲೆಯಂತೆ ತಿರುಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಮೂರನೆಯ ತಿಂಗಳಲ್ಲಿ ಮುಕ್ಕಾಲು ತುಂಬಿದ ಡ್ರಮ್ ಬೆಳಗಿನ ಜಾವ ನೆಲಕ್ಕೆ ಕುಳಿತಿತ್ತು, ಪೈಪು ಬಿಲ್ಲಿನಂತೆ ಬಾಗಿತ್ತು. ಒದ್ದೆ ಕಸ ಲೀಟರಿಗೆ ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ. 150 ಲೀಟರ್ ಎಂದರೆ ಹತ್ತಿರ ಹತ್ತಿರ 90 ಕಿಲೋ, ಒಬ್ಬ ದಪ್ಪ ಮನುಷ್ಯ ಆ ಪೈಪಿನ ಮೇಲೆ ಹಗಲುರಾತ್ರಿ ಕುಳಿತ ಹಾಗೆ. ಪೈಪಿಗೆ ಸುತ್ತಿಕೊಂಡ ಬಾಳೆನಾರು, ಜೋಳದ ತೆನೆಯ ಸಿಪ್ಪೆ, ಮನೆಯವರ ತಲೆಕೂದಲು ಬಿಡಿಸುವುದು ಬೇರೆ ಕೆಲಸ.

ಎರಡನೆಯ ಸಲ ಪೈಪನ್ನೇ ಬಿಟ್ಟೆ. ಕೋನಕಬ್ಬಿಣದ ಚೌಕಟ್ಟಿನ ಮೇಲೆ ನಾಲ್ಕು ಗಾಲಿ, ಗಾಲಿಗಳ ಮೇಲೆ ಡ್ರಮ್ ಅಡ್ಡಲಾಗಿ ಮಲಗಿದೆ, ಕೈಯಿಂದ ತಳ್ಳಿದರೆ ಉರುಳುತ್ತದೆ. ಒಳಗಡೆ ಉದ್ದಕ್ಕೆ ಮೂರು ಅಲ್ಯೂಮಿನಿಯಂ ಪಟ್ಟಿ ಬೋಲ್ಟ್ ಮಾಡಿದ್ದೇನೆ. ಇದನ್ನು ಮರೆಯಬೇಡಿ. ಪಟ್ಟಿ ಇಲ್ಲದಿದ್ದರೆ ಕಸ ಮೇಲೇರದೆ ತಳದಲ್ಲೇ ಜಾರುತ್ತಾ ಇರುತ್ತದೆ, ಡ್ರಮ್ ಮಾತ್ರ ತಿರುಗುತ್ತದೆ. ಎಂಟು ಮಿಲಿಮೀಟರಿನ ತೂತುಗಳು, ಒಳಗಿನಿಂದ ಸೊಳ್ಳೆಪರದೆಯ ಜಾಲರಿ. ಕೆಳಗೊಂದು ತಟ್ಟೆ, ಅದಕ್ಕೆ ಬಿದ್ದ ಕಪ್ಪು ನೀರನ್ನು ನೇರ ಗಿಡಕ್ಕೆ ಹಾಕದೆ ಮತ್ತೆ ಒಣ ಎಲೆಯ ಮೇಲೆ ಸುರಿದು ಒಳಗೆ ಕಳಿಸುತ್ತೇನೆ.

ಹಿಮದೂರು (ಮಿನ್ನೆಸೋಟಾ, ಅಮೆರಿಕ), ಜೂನ್ 24

ಹುಟ್ಟೂರು ತುಮಕೂರು, ಹನ್ನೊಂದು ವರ್ಷದಿಂದ ಇಲ್ಲಿ. ನಮ್ಮ ಹಿತ್ತಲಲ್ಲಿ ನೆಲವಿದೆ, ಆದರೂ ಡ್ರಮ್ಮೇ ಬೇಕು. ನೆಲದ ಮೇಲೆ ಗುಡ್ಡೆ ಹಾಕಿದರೆ ರಕೂನ್ ಎಂಬ ಕಳ್ಳ ರಾತ್ರಿ ಬಂದು ತೋಡುತ್ತದೆ. ಕೈ ಮನುಷ್ಯರ ಕೈಯಂತೆ ಚುರುಕು, ಸಡಿಲ ಚಿಲಕವನ್ನೂ ಬಿಡಿಸುತ್ತದೆ.

ನಿಮ್ಮ ಕಷ್ಟ ಮಳೆಗಾಲ, ನಮ್ಮದು ಡಿಸೆಂಬರಿನಿಂದ ಮಾರ್ಚ್. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದಾಗ ಡ್ರಮ್ಮಿನ ಒಳಗಿರುವುದೆಲ್ಲ ಒಂದೇ ಬಂಡೆ. ತಿರುಗಿಸಲು ಹೋಗಿ ಹಿಡಿಕೆ ಮುರಿದುಕೊಂಡಿದ್ದೇನೆ. ಈಗ ಚಳಿಗಾಲದಲ್ಲಿ ಮುಟ್ಟುವುದಿಲ್ಲ, ಸುಮ್ಮನೆ ಹಾಕುತ್ತಾ ಹೋಗುತ್ತೇನೆ. ಏಪ್ರಿಲಿನಲ್ಲಿ ಕರಗಿದಾಗ ಹೆಪ್ಪುಗಟ್ಟಿ ಒಡೆದ ತರಕಾರಿ ಬೇಗ ಕೊಳೆಯುತ್ತದೆ, ಒಂದೇ ವಾರದಲ್ಲಿ ಪಾಯಸ. ಅದಕ್ಕೆ ಮದ್ದು ಅಕ್ಟೋಬರಿನ ಮೇಪಲ್ ಎಲೆ. ಉದುರಿದಾಗ ಹದಿನೈದು ಚೀಲ ಗ್ಯಾರೇಜಿನಲ್ಲಿ ಇಟ್ಟಿರುತ್ತೇನೆ. ಕಾರು ಹೊರಗೆ ಹಿಮದಲ್ಲಿ, ಎಲೆ ಒಳಗೆ ಬೆಚ್ಚಗೆ. ಈ ಗೊಬ್ಬರ ತಿಂದು ನನ್ನ ಕರಿಬೇವಿನ ಕುಂಡ ಮನೆಯೊಳಗೇ ನಾಲ್ಕು ಚಳಿಗಾಲ ದಾಟಿದೆ ಎಂದು ಜಂಬದಿಂದ ಹೇಳಿಕೊಳ್ಳುತ್ತೇನೆ.

ತಾರಸಿತೋಟ, ಜುಲೈ 20

ವರದಿ ಒಪ್ಪಿಸುತ್ತಿದ್ದೇನೆ. ಒಡೆದ ಉಂಡೆ, ಹರಿದ ರಟ್ಟು ಮತ್ತು ಹಳೇಪೇಟೆಯವರು ಕೊಟ್ಟ ಒಂದು ಚೀಲ ಒಣ ಎಲೆ ಕಲಸಿ ಎಡಗಡೆಯ ಕೋಣೆಗೆ ಮುಕ್ಕಾಲು ತುಂಬಿ ಬಾಗಿಲು ಹಾಕಿದೆ. ಉಳಿದದ್ದನ್ನು ಹಳೆಯ ಬಕೆಟ್ಟಿನಲ್ಲಿ ಇಟ್ಟೆ. ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: “ಹಾಕಬೇಡಿ.” ಮನೆಯಲ್ಲಿ ಎಲ್ಲರಿಗೂ ಅದರ ಮೇಲೇ ಕಣ್ಣು, ಬಾಳೆಸಿಪ್ಪೆ ಹಿಡಿದು ಬಂದವರು ಆ ಬಾಗಿಲನ್ನೇ ತೆರೆಯುತ್ತಾರೆ.

ನಾಲ್ಕನೆಯ ದಿನ ಅಡುಗೆಯ ಥರ್ಮಾಮೀಟರ್ ಚುಚ್ಚಿದರೆ 47 ಡಿಗ್ರಿ. ಬಾಗಿಲು ತೆರೆದಾಗ ಮುಖಕ್ಕೆ ಹಬೆ ಬಡಿಯಿತು, ಕನ್ನಡಕ ಮಸುಕಾಯಿತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಕೈ ಒಳಗಿಟ್ಟು, “ಬಾಣಂತಿ ಕೋಣೆ ಇದ್ದ ಹಾಗಿದೆ” ಎಂದರು. ಹತ್ತು ದಿನದ ಮೇಲೆ ಕಾವು ಇಳಿಯಿತು. ಈಗ ಪುಡಿ ಪುಡಿಯಾಗಿದೆ, ಮಳೆ ಬಿದ್ದ ನೆಲದ ವಾಸನೆ. ಬಲಗಡೆಯ ಕೋಣೆಗೆ ದಿನದ ಕಸ, ಅದರಷ್ಟೇ ರಟ್ಟು. ಅನ್ನವನ್ನು ಉದುರಿಸಿ, ಎಲೆಯ ಜೊತೆ ಕಲಸಿ ಹಾಕುತ್ತೇನೆ. ವಾರಕ್ಕೆ ಎರಡು ದಿನ ಆರು ಸುತ್ತು. ಪಂಚೆಯವರಿಗೆ ಹೊಸ ಪಂಚೆ ಕೊಟ್ಟಾಯಿತು.

ಗಿಡಕ್ಕೆ ಈಗಲೇ ಹಾಕಬಹುದೇ?

ಹಳೇಪೇಟೆ, ಜುಲೈ 20

ಅವಸರ ಬೇಡ. ಕಾವು ಇಳಿದ ಗೊಬ್ಬರ ಇನ್ನೂ ಎಳೆಯದು, ಬೇರಿಗೆ ಹಾಕಿದರೆ ಗಿಡ ಹಳದಿ ತಿರುಗಬಹುದು. ಗೋಣಿಚೀಲಕ್ಕೆ ತುಂಬಿ ನೆರಳಿನಲ್ಲಿ ಮೂರು-ನಾಲ್ಕು ವಾರ ಮಾಗಲು ಬಿಡಿ, ಡ್ರಮ್ಮೂ ಖಾಲಿಯಾಗುತ್ತದೆ. ನಂತರ ಒಂದು ಪರೀಕ್ಷೆ: ಒಂದು ತಟ್ಟೆಯಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣು ಮತ್ತು ಗೊಬ್ಬರ ಸಮಸಮ. ಎರಡಕ್ಕೂ ಇಪ್ಪತ್ತು ಇಪ್ಪತ್ತು ಮೆಂತ್ಯದ ಕಾಳು. ಐದು ದಿನ ಬಿಟ್ಟು ಮೊಳಕೆ ಎಣಿಸಿ. ಗೊಬ್ಬರದ ತಟ್ಟೆ ಹಿಂದೆ ಬಿದ್ದರೆ ಇನ್ನೂ ಮಾಗಬೇಕು.

ತಾರಸಿತೋಟ, ಆಗಸ್ಟ್ 24

ಮಣ್ಣಿನಲ್ಲಿ ಹದಿನೇಳು, ಗೊಬ್ಬರದಲ್ಲಿ ಹದಿನೆಂಟು. ಮೆಂತ್ಯದ ಜೊತೆ ಬಿತ್ತದೇ ಇದ್ದ ನಾಲ್ಕು ಕುಂಬಳ, ಎಣಿಸಲಾಗದಷ್ಟು ಟೊಮೆಟೊ.

ಜರಡಿ ಹಿಡಿದ ಮೇಲೆ ಹನ್ನೊಂದು ಕಿಲೋ ಸಿಕ್ಕಿತು. ಅಷ್ಟು ತಿಂಗಳ ಕಸಕ್ಕೆ ಇಷ್ಟೇನೇ ಎಂದು ಮೊದಲು ಅನ್ನಿಸಿತು, ಆಮೇಲೆ ಆ 60 ಲೀಟರ್ ನೀರು ನೆನಪಾಯಿತು. ಜರಡಿಯಲ್ಲಿ ಉಳಿದದ್ದು ಹನ್ನೆರಡು ಮಾವಿನ ಗೊರಟೆ, ಮೊಟ್ಟೆಯ ಚಿಪ್ಪು, ತೆಂಗಿನ ನಾರು, ಮತ್ತು ಮೇ ತಿಂಗಳಿಂದ ಹುಡುಕುತ್ತಿದ್ದ ಸ್ಟೀಲ್ ಚಮಚ.

ಕಾವುಮಾಪಕ, ಆಗಸ್ಟ್ 24

ಟೊಮೆಟೊ ಬೀಜ ಮೊಳೆತದ್ದೇ ನಿಮ್ಮ ಡ್ರಮ್ ಎಷ್ಟು ಕಾದಿತ್ತು ಎಂಬುದರ ದಾಖಲೆ. ಬೀಜ ಸಾಯಲು 55 ಡಿಗ್ರಿಯ ಮೇಲೆ ಕೆಲವು ದಿನ ನಿಲ್ಲಬೇಕು, 80 ಲೀಟರಿನಲ್ಲಿ ಅದು ಕಷ್ಟ. ರೋಗ ಬಂದ ಗಿಡವನ್ನು ಇದೇ ಕಾರಣಕ್ಕೆ ಡ್ರಮ್ಮಿಗೆ ಹಾಕಬೇಡಿ. ಕುಂಬಳವನ್ನು ಕೀಳಬೇಡಿ.

ಕೊಟ್ಟಿಗೆಮನೆ, ಆಗಸ್ಟ್ 25

ಎಲೆ ಸೇರಿದ ಮೇಲೆ ಗೊಬ್ಬರವಾಯಿತು, ಡಬ್ಬಿ ತಿರುಗಿದ್ದರಿಂದಲ್ಲ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಚಮಚ ಸಿಕ್ಕಿದ್ದು ಸಂತೋಷ.

ತಾರಸಿತೋಟ, ಫೆಬ್ರವರಿ 22

ಹೊಂಗೆ ಉದುರುತ್ತಿದೆ! ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯೊಂದಿಗೆ ಮಾತಾಡಿ ಖಾಲಿ ಚೀಲ ಕೊಟ್ಟಿದ್ದೆ. ಗುಡಿಸಿದ ಎಲೆಯನ್ನು ಪ್ಲಾಸ್ಟಿಕ್ ಆರಿಸಿ ತುಂಬಿಟ್ಟು ನನ್ನ ಗೇಟಿಗೆ ಒರಗಿಸುತ್ತಿದ್ದಾರೆ, ಅವರಿಗೂ ಗಾಡಿಯ ತನಕ ಎಳೆಯುವ ಕೆಲಸ ಉಳಿಯಿತಂತೆ. ಹದಿನೈದು ದಿನದಲ್ಲಿ ಹದಿಮೂರು ಚೀಲ. ತಾರಸಿಯ ಮೆಟ್ಟಿಲಲ್ಲಿ ಈಗ ಒಬ್ಬರೇ, ಅದೂ ಪಕ್ಕಕ್ಕೆ ತಿರುಗಿ ಹತ್ತಬೇಕು. ಬನಶಂಕರಿ, ಜಯನಗರ, ಬಸವನಗುಡಿ ಕಡೆಯವರಿಗೆ ನಾಲ್ಕು ಚೀಲ ಕೊಡಬಲ್ಲೆ. ಹಳೇಪೇಟೆಯವರಿಗೆ ಸಾಲದ ಒಂದು ಚೀಲ ಮೊದಲು ತೀರಬೇಕು, ಆಗ ಉಳಿಯುವುದು ಮೂರು.

ಹಳೇಪೇಟೆ, ಫೆಬ್ರವರಿ 22

ಬಡ್ಡಿ ಸೇರಿ ಎರಡು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ.

ತಾರಸಿತೋಟ, ಫೆಬ್ರವರಿ 22

ಬನ್ನಿ. ಎಲೆ ಸುರಿದುಕೊಂಡು ಚೀಲ ಅಲ್ಲೇ ವಾಪಸ್ ಕೊಡಬೇಕು, ಅವು ಅತ್ತೆಯ ರಾಗಿ ಚೀಲಗಳು, ಎಣಿಸಿಟ್ಟಿದ್ದಾರೆ.